ಸೂಜಿ ಹತ್ತದ ದವಡೆ

ಹಲ್ಲಿನ ಕೀವಿನ ವಾಸನೆ ಬಾಗಿಲಲ್ಲೇ ಗೊತ್ತಾಗುತ್ತದೆ. ಕೊಳೆತ ಎಲೆಕೋಸು, ಹಳಸಿದ ಮೊಟ್ಟೆ, ಅದರ ಮೇಲೆ ಒಂಚೂರು ಸಿಹಿ. ಅವತ್ತು ಬೆಳಿಗ್ಗೆ ಹೆಂಗಸರ ವಾರ್ಡಿಗೆ ಕಾಲಿಟ್ಟ ಕೂಡಲೇ ಅದು ಮೂಗಿಗೆ ಬಡಿಯಿತು. ನಾನು ಹಲ್ಲಿನ ಡಾಕ್ಟರು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ನಾಲ್ಕರ ಪೈಕಿ ಒಂದು ಊರಿನ ಸರಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. ಯಾವ ಊರು ಎಂದು ಹೇಳುವುದಿಲ್ಲ. ಮುಂದೆ ನಾನು ಬಯ್ಯಲಿರುವವರು ಇನ್ನೂ ನೌಕರಿಯಲ್ಲಿದ್ದಾರೆ, ನಾನೂ ಇದ್ದೇನೆ.

ವಾಸನೆ ಕೊನೆಯ ಮಂಚದಿಂದ ಬರುತ್ತಿತ್ತು. ಅಕ್ಕಪಕ್ಕದವರು ತಮ್ಮ ಮಂಚಗಳನ್ನು ಸಾಧ್ಯವಾದಷ್ಟು ದೂರ ಎಳೆದುಕೊಂಡಿದ್ದರು. ಮಂಚದ ಮೇಲೆ ಮೂವತ್ತರ ಆಸುಪಾಸಿನ ಸಿದ್ದಿ ಹೆಂಗಸು ಗೋಡೆಗೆ ಒರಗಿ ಕೂತಿದ್ದಳು. ಕಾಲ ಬಳಿ ಅವಳ ಅತ್ತೆ. ಎಡ ದವಡೆಯ ಕೆಳಗೆ ದೊಡ್ಡ ಬದನೆಕಾಯಿಯಷ್ಟು ಬಾವು, ಅದರ ಮೇಲೆ ಒಣಗಿ ಬಿರಿದ ಸುಣ್ಣ-ಬೆಲ್ಲ. ನಮ್ಮ ಕಡೆ ಕುರುವಾದರೆ ಅದು ಹಣ್ಣಾಗಲಿ ಎಂದು ಮೊದಲು ಮೆತ್ತುವುದೇ ಇದನ್ನು. ಸುಣ್ಣ ತಿಂದ ಜಾಗದಲ್ಲಿ ಚರ್ಮ ಸುಲಿದಿತ್ತು. ಆ ಮೆತ್ತಿಗೆಯ ನಡುವೆ ಉಗುರಿನಷ್ಟು ಉದ್ದದ ಗಾಯ, ಅದಕ್ಕೆ ಅಂಟಿದ ಬಟ್ಟೆಯಲ್ಲಿ ಬರೀ ರಕ್ತ. ಕೀವಿನ ಒಂದು ಹನಿಯೂ ಇಲ್ಲ. ಯಾರೋ ಕೊಯ್ಯಲು ಶುರುಮಾಡಿ ಅರ್ಧಕ್ಕೇ ಬಿಟ್ಟಿದ್ದರು. ಚರ್ಮ ತೊಳೆಯದೆ, ಸುಣ್ಣದ ಮೇಲೆಯೇ ಬ್ಲೇಡ್ ಇಟ್ಟಿದ್ದರು.

ಸಿಸ್ಟರನ್ನು ಕರೆದು ಕೇಳಿದೆ. ಅವರು ನನ್ನನ್ನು ಕಿಟಕಿಯ ಕಡೆ ಕರೆದುಕೊಂಡು ಹೋದರು.

"ನಿನ್ನೆ ಸಂಜೀಕ ದೊಡ್ಡ ಸಾಹೇಬ್ರು ನೋಡಿದ್ರು ಮೇಡಂ. ಬಾವಿನಾಗ ಜೋಮಿನ ಸೂಜಿ ಕೊಟ್ರು. ಹತ್ತಲಿಲ್ಲ. ಮತ್ತೊಂದ ಸಲ ಕೊಟ್ರು. ಬ್ಲೇಡ್ ಇಟ್ಟ ಕೂಡ್ಲೇ ಚೀರಿ ಅವರ ಕೈ ತಳ್ಳಿಬಿಟ್ಲು."

"ಆಮ್ಯಾಲ?"

"ಸಿಟ್ಟಾದ್ರು. ಕುಡಿಯೂ ಮಂದಿಗೆ ಸೂಜಿ ಹತ್ತೂದಿಲ್ಲ, ಇಕಿ ಕುಡದ ಬಂದಾಳ, ಸಿದ್ದಿ ಮಂದಿ ಅಂದ್ರ ಹಿಂಗ ಅಂದ್ರು. ಎಲ್ಲಾರ ಮುಂದ ಅಂದ್ರು."

ಕುಡುಕರಿಗೆ ನೋವು ಗೊತ್ತಾಗದಂತೆ ಮಾಡುವ ಜೋಮಿನ ಸೂಜಿ ಹತ್ತುವುದಿಲ್ಲ ಎಂಬ ಮಾತು ನಮ್ಮ ಆಸ್ಪತ್ರೆಗಳಲ್ಲಿ ಗೋಡೆಯ ಬಣ್ಣದಷ್ಟು ಹಳೆಯದು. ಆಯಾಗಳಿಂದ ಹಿಡಿದು ಡಾಕ್ಟರುಗಳವರೆಗೆ ಎಲ್ಲರೂ ಆಡುತ್ತಾರೆ. ಸೂಜಿ ಹತ್ತದಿದ್ದರೆ ತಪ್ಪು ಸೂಜಿಯದಲ್ಲ, ಚುಚ್ಚಿದವರದ್ದಲ್ಲ, ಚುಚ್ಚಿಸಿಕೊಂಡವರದ್ದು. ಕೀವು ತುಂಬಿದ ದವಡೆಯ ಮುಂದೆ ನಿಂತು ಎಂಬಿಬಿಎಸ್ ಓದಿದವರೊಬ್ಬರು ಇದನ್ನು ಆಡಿದರು ಎಂದು ಕೇಳಿದಾಗ ನನಗೆ ನಿಜವಾಗಿಯೂ ವಾಕರಿಕೆ ಬಂತು. ಕೀವಿನ ವಾಸನೆಗೆ ಬಂದಿರಲಿಲ್ಲ.

ಅತ್ತೆ ನನ್ನ ಸೆರಗು ಹಿಡಿದುಕೊಂಡಳು. "ನಮ್ಮ ಸೊಸಿ ಸಾಲ್ಯಾಗ ಬಿಸಿಯೂಟ ಮಾಡ್ತಾಳ್ರೀ ಬಾಯಾರ. ಇಕಿ ಮಾಡಿದ್ದ ನಮ್ಮ ಹುಡುಗೂರು ಉಣ್ಣೂದಿಲ್ಲ ಅಂತ ಮೊದ್ಲ ಒಂದಷ್ಟು ಮಂದಿ ತಕರಾರ ಮಾಡಿದ್ರು. ಈಗ ಈ ಮಾತು ಊರಿಗೆ ಮುಟ್ಟಿದ್ರ ಅವರಿಗೆ ಹಬ್ಬ. ಅಕಿನ್ನ ತಗದ ಬಿಡ್ತಾರ." ಹೇಳುತ್ತ ಎದುರು ಮಂಚದ ಕಡೆ ಕಣ್ಣು ಹಾಯಿಸಿದಳು. ಅಲ್ಲಿ ರೋಗಿಯನ್ನು ನೋಡಿಕೊಳ್ಳಲು ಬಂದಿದ್ದ ಹೆಂಗಸು ಅದೇ ಊರಿನವಳು. ಆಗಲೇ ಮೊಬೈಲಿನಲ್ಲಿ ಮಾತಾಡಿಯೂ ಆಗಿತ್ತು.

ಮೊದಲು ಬಾಯಿ ನೋಡಬೇಕಿತ್ತು. ಅವಳಿಗೆ ಹಲ್ಲುಗಳ ನಡುವೆ ಒಂದು ಬೆರಳು ತೂರುವಷ್ಟೂ ಬಾಯಿ ತೆರೆಯಲು ಆಗುತ್ತಿರಲಿಲ್ಲ. ಜೊಲ್ಲು ನುಂಗಲಾಗದೆ ಸೆರಗಿಗೆ ಸುರಿಯುತ್ತಿತ್ತು. ಕೆನ್ನೆಯನ್ನು ಪಕ್ಕಕ್ಕೆ ಎಳೆದು ಬ್ಯಾಟರಿ ಬಿಟ್ಟೆ. ಕೆಳಗಿನ ದವಡೆ ಹಲ್ಲೊಂದು ಪೂರ್ತಿ ಟೊಳ್ಳು. ಅದರ ಪಕ್ಕದ ಒಸಡು ಬೆಳ್ಳಗೆ ಸುಟ್ಟಿತ್ತು. ನೋವು ಹೋಗಲಿ ಎಂದು ಕಿರಾಣಿ ಅಂಗಡಿಯ ತಲೆನೋವಿನ ಗುಳಿಗೆಯನ್ನು ಅಲ್ಲಿ ಒತ್ತಿಟ್ಟುಕೊಂಡಿದ್ದಳಂತೆ. ಆ ಗುಳಿಗೆಯೇ ಒಂದು ಆಮ್ಲ. ನುಂಗಿದರೆ ನೋವು ಕಡಿಮೆ ಮಾಡುತ್ತದೆ, ಒಸಡಿಗೆ ಒತ್ತಿದರೆ ಸುಡುತ್ತದೆ. ಒಳಗೆ ಹುಳಿಯಿಂದ ಸುಟ್ಟಿದೆ, ಹೊರಗೆ ಸುಣ್ಣದಿಂದ ಸುಟ್ಟಿದೆ, ನಡುವೆ ಕೀವು ಹಾಯಾಗಿ ಕೂತಿದೆ. ನಾಲಿಗೆಯ ಅಡಿಭಾಗ ಗಟ್ಟಿಯಾಗತೊಡಗಿತ್ತು. ಬಾವು ಗದ್ದದ ಕೆಳಗಿನಿಂದ ಬಲಗಡೆಗೆ ಹರಡಿದರೆ ನಾಲಿಗೆ ಮೇಲೆದ್ದು ಉಸಿರಿನ ದಾರಿ ಮುಚ್ಚುತ್ತದೆ. ಅಷ್ಟು ಹೊತ್ತಿಗೆ ಯಾರು ಏನು ಮಾಡಿದರೂ ತಡವಾಗಿರುತ್ತದೆ.

ಸೂಜಿ ಯಾಕೆ ಹತ್ತಲಿಲ್ಲ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದ್ದೆಲ್ಲ ಅದರ ಮೇಲೆಯೇ ನಿಂತಿದೆ. ನಾವು ಕೊಡುವ ಔಷಧ ಲಿಗ್ನೋಕೇನ್. ಅದು ಒಂದು ದುರ್ಬಲ ಪ್ರತ್ಯಾಮ್ಲ, ಅಂದರೆ ಸುಣ್ಣದ ಬಣಕ್ಕೆ ಸೇರಿದ್ದು, ಆದರೆ ಬಹಳ ಮೆತ್ತಗಿನದು. ಮೈಯೊಳಗೆ ಅದು ಎರಡು ರೂಪದಲ್ಲಿ ಇರುತ್ತದೆ. ಒಂದಕ್ಕೆ ವಿದ್ಯುದಂಶ ಅಂಟಿರುತ್ತದೆ, ಇನ್ನೊಂದಕ್ಕೆ ಇರುವುದಿಲ್ಲ. ನರದ ಹೊದಿಕೆ ಕೊಬ್ಬಿನದು. ವಿದ್ಯುದಂಶ ಇಲ್ಲದ ರೂಪ ಮಾತ್ರ ಅದನ್ನು ದಾಟಿ ಒಳಗೆ ಹೋಗಬಲ್ಲದು. ಆರೋಗ್ಯವಾದ ಮಾಂಸದಲ್ಲಿ ಔಷಧದ ಕಾಲು ಭಾಗದಷ್ಟು ಆ ರೂಪದಲ್ಲಿ ಸಿಗುತ್ತದೆ. ಅಷ್ಟು ಸಾಕು. ಆದರೆ ಕೀವು ಹುಳಿ. ಬ್ಯಾಕ್ಟೀರಿಯಾ ತಿಂದು ಉಗುಳಿದ ಆಮ್ಲ ಅಲ್ಲಿ ತುಂಬಿರುತ್ತದೆ. ಆ ಆಮ್ಲ ಲಿಗ್ನೋಕೇನಿಗೆ ವಿದ್ಯುದಂಶ ಅಂಟಿಸಿಬಿಡುತ್ತದೆ, ನೂರು ಪಾಲಿನಲ್ಲಿ ಒಂದೋ ಎರಡೋ ಪಾಲು ಮಾತ್ರ ದಾಟಬಲ್ಲ ರೂಪದಲ್ಲಿ ಉಳಿಯುತ್ತದೆ. ಉಳಿದದ್ದೆಲ್ಲ ನರದ ಹೊರಗೇ ನಿಂತಿರುತ್ತದೆ. ಎರಡು ಸಿರಿಂಜು ಕೊಟ್ಟರೂ ಅಷ್ಟೇ, ನಾಲ್ಕು ಕೊಟ್ಟರೂ ಅಷ್ಟೇ. ಸಿದ್ದಿ ಆದರೂ ಅಷ್ಟೇ, ಶೆಟ್ಟಿ ಆದರೂ ಅಷ್ಟೇ.

ಇದು ಗುಟ್ಟಿನ ವಿದ್ಯೆಯಲ್ಲ. ಎಲ್ಲರೂ ಓದಿ, ಪರೀಕ್ಷೆಯಲ್ಲಿ ಬರೆದು ಪಾಸಾಗಿರುತ್ತಾರೆ. ಆಮೇಲೆ ರೋಗಿಯ ಮುಖ ನೋಡಿದ ಕೂಡಲೇ ಓದಿದ್ದು ಹೋಗಿ, ಮನೆಯಲ್ಲಿ ಕೇಳಿದ್ದು ಬಾಯಿಗೆ ಬರುತ್ತದೆ.

ಮೂತ್ರ ಪರೀಕ್ಷೆಯ ಪಟ್ಟಿಯೊಂದನ್ನು ತರಿಸಿ, ಟೊಳ್ಳು ಹಲ್ಲಿನ ಬುಡದಲ್ಲಿ ಜಿನುಗುತ್ತಿದ್ದುದಕ್ಕೆ ಮುಟ್ಟಿಸಿದೆ. ಆಮ್ಲ ತೋರಿಸುವ ಚೌಕ ಹುಳಿಯ ಗುರುತಾದ ಕಿತ್ತಳೆಗೆ ತಿರುಗಿತು. ಅದನ್ನು ಬಟ್ಟೆಯ ತುಂಡಿನಲ್ಲಿ ಹಿಡಿದುಕೊಂಡು ಆ ದೊಡ್ಡ ಸಾಹೇಬರ, ಅಂದರೆ ನಮ್ಮ ಆಸ್ಪತ್ರೆಯ ದೊಡ್ಡ ಡಾಕ್ಟರ, ಕೋಣೆಗೆ ಹೋದೆ. ಅವರು ಅವಲಕ್ಕಿ ತಿಂದು ಮುಗಿಸಿ, ಬೆಂಕಿಕಡ್ಡಿಯಿಂದ ಹಲ್ಲು ಕೆದಕಿಕೊಳ್ಳುತ್ತಿದ್ದರು. ಹಲ್ಲಿನ ಡಾಕ್ಟರ ಎದುರಿಗೇ.

"ಸರ್, ಕೊನೀ ಮಂಚದ ಕೇಸು. ಅಲ್ಲಿ ಕೀವು ಹುಳಿ ಐತಿ, ಅದಕ್ಕ ಸೂಜಿ ಹತ್ತಿಲ್ಲ. ಕುಡಿತಕ್ಕೂ ಇದಕ್ಕೂ ಸಂಬಂಧ ಇಲ್ಲ."

ಪಟ್ಟಿಯನ್ನು ನೋಡಿ ನಕ್ಕರು. "ಮೂತ್ರದ ಪಟ್ಟಿ ಬಾಯಿಗೆ ಹಚ್ಚೂದು ಎಲ್ಲಿ ಕಲ್ತ್ರಿ ಮೇಡಂ?"

"ನೀವು ವಾರ್ಡಿನಾಗ ಅಂದದ್ದು ಸರಿ ಅಲ್ಲ."

"ನನಗ ಇಪ್ಪತ್ತ ವರ್ಷದ ಅನುಭವ ಐತಿ. ಈ ಮಂದೀನ ನೀವು ಈಗ ನೋಡಾಕತ್ತೀರಿ. ಧಾರವಾಡಕ್ಕ ಬರದ ಕಳಸ್ರಿ, ಅಲ್ಲೇ ಹೋಗಿ ಚೀರ್ಲಿ." ಹಲ್ಲಿನಿಂದ ತೆಗೆದದ್ದನ್ನು ಕಡ್ಡಿಯ ತುದಿಯಲ್ಲಿ ಹಿಡಿದು ನೋಡಿ, ಮೇಜಿನ ಅಂಚಿಗೆ ಒರೆಸಿದರು.

ಕಳಿಸುವುದೇ ಸರಿಯಾಗಿತ್ತು, ಕಳಿಸಲು ಗಾಡಿ ಇದ್ದಿದ್ದರೆ. ನಮ್ಮ ಆಂಬುಲೆನ್ಸ್ ಹೆರಿಗೆ ಕೇಸು ತೆಗೆದುಕೊಂಡು ಬೆಳಿಗ್ಗೆಯೇ ಹುಬ್ಬಳ್ಳಿಗೆ ಹೋಗಿತ್ತು. ಪಕ್ಕದ ತಾಲ್ಲೂಕಿನದು ಕುಂಬಾರವಾಡದ ಕಡೆ ಹೋಗಿದೆ, ಮಧ್ಯಾಹ್ನ ದಾಟುತ್ತದೆ ಎಂದರು. ಬಾಡಿಗೆ ಜೀಪಿನಲ್ಲಿ, ದಾರಿಯಲ್ಲಿ ಉಸಿರು ಕಟ್ಟಿದರೆ ನೋಡಿಕೊಳ್ಳುವವರು ಯಾರೂ ಜೊತೆಗಿಲ್ಲದೆ ಅವಳನ್ನು ಕಳಿಸುವ ಧೈರ್ಯ ನನಗಿರಲಿಲ್ಲ. ಗಾಡಿಗೆ ಹೇಳಿಟ್ಟು, ಸಲೈನಿನಲ್ಲಿ ಆ್ಯಂಟಿಬಯೋಟಿಕ್ ಹಾಕಿಸಿ, ವಾರ್ಡಿಗೆ ವಾಪಸು ಬಂದೆ. ಬಂದು ನೋಡಿದರೆ ಗದ್ದದ ಕೆಳಗಿನ ಬಾವು ನಡುಗೆರೆಯನ್ನು ಮುಟ್ಟಿತ್ತು. ಅವಳು ಮಲಗಲು ಒಪ್ಪುತ್ತಿರಲಿಲ್ಲ, ಮಲಗಿದರೆ ಕುತ್ತಿಗೆ ಹಿಡಿದಂತಾಗುತ್ತದೆ ಎಂದು ಕೈಸನ್ನೆ ಮಾಡಿದಳು.

ಅಲ್ಲೇ ನಿರ್ಧಾರ ಮಾಡಿದೆ. ಬಾವಿನೊಳಗೆ ಸೂಜಿ ಹಾಕುವುದಿಲ್ಲ. ಹುಳಿ ಇಲ್ಲದ ಜಾಗದಲ್ಲಿ, ಬಾವಿನಿಂದ ದೂರ, ನರ ಹೊರಟು ಬರುವ ದಾರಿಯಲ್ಲೇ ಅದನ್ನು ಹಿಡಿಯುವುದು. ಜೊತೆಗೆ ಔಷಧದ ಹುಳಿಯನ್ನೂ ಮುರಿಯುವುದು, ಏಕೆಂದರೆ ಲಿಗ್ನೋಕೇನ್ ಕೆಡದಿರಲಿ ಎಂದು ಕಂಪನಿಯವರೇ ಅದನ್ನು ಆಮ್ಲೀಯವಾಗಿ ಮಾಡಿರುತ್ತಾರೆ. ತುರ್ತು ಟ್ರೇಯಲ್ಲಿ ಹುಳಿ ಮುರಿಯುವ ಸೋಡಾಬೈಕಾರ್ಬಿನ ಗಾಜಿನ ಆಂಪೂಲುಗಳಿದ್ದವು.

ಆದರೆ ಅವಳು ಒಪ್ಪಬೇಕಲ್ಲ. ಸೂಜಿ ಎಂದ ಕೂಡಲೇ ತಲೆ ಅಲ್ಲಾಡಿಸಿದಳು. ಹಲ್ಲು ಕಚ್ಚಿದಂತೆಯೇ, ಜೊಲ್ಲಿನ ನಡುವೆ ಹೇಳಿದಳು: "ಹತ್ತೂದಿಲ್ರೀ ಬಾಯಾರ ನನಗ. ಮತ್ತ ಚೀರಿದ್ರ ಮತ್ತ ಅದನ್ನ ಅಂತಾರ. ಮನಿಗೆ ಕಳಸ್ರಿ. ಅಲ್ಲೇ ಸಾಯ್ತೇನಿ."

ಸಾವಿಗಿಂತ ಆ ಮಾತಿಗೆ ಹೆದರಿದ್ದಳು. ನಾನು ಚಿಮಟವೊಂದನ್ನು ತಂದು ಅವಳ ಕೈಗೇ ಕೊಟ್ಟೆ.

"ಸೂಜಿ ಕೊಟ್ಟ ಮ್ಯಾಲೆ ಇದರಲೇ ನಿನ್ನ ದವಡಿ ನೀನ ಚಿವುಟಿ ನೋಡು. ನೋವಾದ್ರ ನಾನು ಬ್ಲೇಡ್ ಮುಟ್ಟೂದಿಲ್ಲ. ನೀ ಹೂಂ ಅಂದ್ರಷ್ಟ."

ಅವಳು ಚಿಮಟವನ್ನು ನೋಡಿದಳು, ನನ್ನನ್ನು ನೋಡಿದಳು. ಅತ್ತೆ ಕೊಂಕಣಿಯಲ್ಲಿ ಏನೋ ಮೆಲ್ಲಗೆ ಹೇಳಿದಳು. ಆಮೇಲೆ ಸೊಸೆ ಆಗಲಿ ಎಂದು ತಲೆ ಆಡಿಸಿದಳು.

ಡ್ರೆಸ್ಸಿಂಗ್ ಕೋಣೆಯಲ್ಲಿ ಅವಳನ್ನು ಅರ್ಧ ಕೂತ ಹಾಗೆಯೇ ಒರಗಿಸಿದೆವು. ಸುಣ್ಣ-ಬೆಲ್ಲ ನೆನೆಸಿ ತೆಗೆಯುವುದೇ ಒಂದು ಕೆಲಸವಾಯಿತು. ಬೆಲ್ಲದ ಅಂಟಿಗೆ ಇರುವೆಗಳು ಸಿಕ್ಕಿಕೊಂಡು ಸತ್ತಿದ್ದವು. ಸಿಸ್ಟರ್ ಮೂಗು ಮುಚ್ಚಿಕೊಂಡು ಬಯ್ಯುತ್ತ ಒರೆಸಿದರು. ಹಿಂದಿನ ಸಂಜೆ ಕೊಟ್ಟ ಲಿಗ್ನೋಕೇನ್ ಎಷ್ಟು ಎಂದು ಅವರಿಂದ ಖಚಿತ ಮಾಡಿಕೊಂಡೆ. ಕಳೆದ ಹೊತ್ತು ಲೆಕ್ಕ ಹಾಕಿದರೆ ಮೈ ಅದನ್ನು ಹೊರಹಾಕಿರುತ್ತದೆ. ಅವಳ ತೂಕಕ್ಕೆ ಎಷ್ಟರವರೆಗೆ ಕೊಡಬಹುದೋ ಅಷ್ಟರೊಳಗೇ ನಾನು ಎರಡು ಜಾಗದಲ್ಲಿ ಕೊಡಲಿದ್ದ ಸೂಜಿ ಮುಗಿಯಬೇಕಿತ್ತು.

ಮೊದಲ ಸಿರಿಂಜು ಕೆಟ್ಟಿತು. ಸಿಸ್ಟರ್ ಆಂಪೂಲು ಒಡೆದುಕೊಟ್ಟರು, ನಾನು ಆತುರದಲ್ಲಿ ಸೋಡಾ ಜಾಸ್ತಿ ಎಳೆದೆ. ಸಿರಿಂಜಿನೊಳಗೆ ಔಷಧ ಹಾಲಿನಂತೆ ಬೆಳ್ಳಗಾಯಿತು. ವಿದ್ಯುದಂಶ ಪೂರ್ತಿ ಕಳಚಿದರೆ ಲಿಗ್ನೋಕೇನ್ ನೀರಿನಲ್ಲಿ ಕರಗಿರುವುದಿಲ್ಲ, ಪುಡಿಯಾಗಿ ಕೆಳಗೆ ಬೀಳುತ್ತದೆ. ಹುಳಿ ಹೆಚ್ಚಾದರೆ ನರದೊಳಗೆ ಹೋಗುವುದಿಲ್ಲ, ಸೋಡಾ ಹೆಚ್ಚಾದರೆ ಸಿರಿಂಜಿನೊಳಗೇ ಕರಗಿ ಉಳಿಯುವುದಿಲ್ಲ. ಅದನ್ನು ಚೆಲ್ಲಿ ಎರಡನೆಯದಕ್ಕೆ ಒಂಬತ್ತು ಪಾಲು ಲಿಗ್ನೋಕೇನಿಗೆ ಒಂದೇ ಪಾಲು ಸೋಡಾ ಹಾಕಿದೆ. ಮೆಲ್ಲಗೆ ತಿರುಗಿಸಿ ಬೆಳಕಿಗೆ ಹಿಡಿದೆ. ತಿಳಿಯಾಗಿತ್ತು.

ಕಿವಿಯ ಮುಂದೆ, ಕೆನ್ನೆಯ ಎಲುಬಿನ ಕಮಾನಿನ ಕೆಳಗೆ ಒಂದು ತಗ್ಗಿದೆ. ಬಾಯಿ ತೆರೆಯದವರಿಗೆ ಕೆಳದವಡೆಯ ನರವನ್ನು ಹೊರಗಿನಿಂದ ತಲುಪುವ ದಾರಿ ಅದೇ. ಬೆನ್ನಿಗೆ ಕೊಡುವ ಉದ್ದನೆಯ ಸೂಜಿಯನ್ನು ಆ ತಗ್ಗಿನಲ್ಲಿ ನೇರ ಒಳಗೆ ಬಿಟ್ಟು, ಆಳದ ಎಲುಬಿಗೆ ತಾಗಿದ ಮೇಲೆ ಸ್ವಲ್ಪ ಹಿಂದಕ್ಕೆಳೆದು, ಹಿಂಬದಿಗೆ ತಿರುಗಿಸಿ ಮತ್ತೆ ಅಷ್ಟೇ ಆಳ ಇಳಿಸಬೇಕು. ಸಿರಿಂಜು ಹಿಂದಕ್ಕೆಳೆದು ನೋಡಿದೆ, ರಕ್ತ ಬರಲಿಲ್ಲ. ಮೆಲ್ಲಗೆ ಔಷಧ ಬಿಟ್ಟೆ. ದವಡೆಯ ಕೆಳಗಿನ ಚರ್ಮಕ್ಕೆ ಕುತ್ತಿಗೆಯಿಂದಲೂ ನರ ಬರುತ್ತದೆ. ಅದಕ್ಕಾಗಿ ಎರಡನೆಯ ಸೂಜಿಯನ್ನು ಕುತ್ತಿಗೆಯ ಪಕ್ಕದ ದಪ್ಪ ಸ್ನಾಯುವಿನ ಹಿಂದಿನ ಅಂಚಿನಲ್ಲಿ, ಚರ್ಮದ ಕೆಳಗಷ್ಟೇ ಕೊಟ್ಟೆ. ಎರಡೂ ಜಾಗದಲ್ಲಿ ಬಾವಿನ ಸೋಂಕಿರಲಿಲ್ಲ.

ಆಮೇಲೆ ಕಾಯುವುದು. ಹತ್ತದೇ ಹೋಗಿದ್ದರೆ ದೊಡ್ಡ ಡಾಕ್ಟರ ಮಾತೇ ಗೆಲ್ಲುತ್ತಿತ್ತು.

ಅವಳು ಚಿಮಟ ಎತ್ತಿದಳು. ಕೆಳತುಟಿಯನ್ನು ಚಿವುಟಿದಳು. ಹುಬ್ಬು ಗಂಟಿಕ್ಕಿ ಮತ್ತೊಮ್ಮೆ, ಜೋರಾಗಿ. ಆಮೇಲೆ ದವಡೆಯ ಕೆಳಗೆ, ಬಾವಿನ ಮೇಲೆಯೇ. ಅವಳ ಕಣ್ಣು ನನ್ನ ಕಡೆ ತಿರುಗಿತು.

"ಏನೂ ಇಲ್ಲ," ಅಂದಳು. ಆಮೇಲೆ, "ಹೂಂ."

ದವಡೆಯ ಅಂಚಿನಿಂದ ಎರಡು ಬೆರಳು ಕೆಳಗೆ, ಮುಖದ ನರ ತಪ್ಪಿಸಿ ಕೊಯ್ದೆ. ಮೊದಲು ಕೊಯ್ದಿದ್ದ ಗಾಯ ಆ ನರದ ಮೇಲೆಯೇ ಇತ್ತು. ಅವಳು ಕೈ ತಳ್ಳದಿದ್ದರೆ ಬಾಯಿ ಒಂದು ಕಡೆ ಸೊಟ್ಟಗಾಗುತ್ತಿತ್ತೋ ಏನೋ. ಮುಚ್ಚಿದ ಇಕ್ಕಳವನ್ನು ಒಳಗೆ ತಳ್ಳಿ, ಎಲುಬಿನ ಒಳಮಗ್ಗುಲಿಗೆ ಸರಿಸಿ, ಅಲ್ಲಿ ತೆರೆದೆ. ಮೊದಲು ಒಂದಿಷ್ಟು ರಕ್ತ, ಆಮೇಲೆ ಬೂದು ಬಣ್ಣದ ತೆಳು ನೀರು, ಆಮೇಲೆ ದಪ್ಪನೆಯ ಹಳದಿ ಕೀವು ತಾನಾಗಿಯೇ ಉಕ್ಕಿ ಟ್ರೇಯನ್ನು ಅರ್ಧ ತುಂಬಿತು. ವಾಸನೆಗೆ ಸಿಸ್ಟರ್ ಬಾಗಿಲವರೆಗೆ ಹೋಗಿ ಬಂದರು. ಕೀವು ನನ್ನ ಮೊಣಕೈವರೆಗೆ ಹರಿದಿತ್ತು, ಚಪ್ಪಲಿಯ ಮೇಲೂ ಬಿದ್ದಿತ್ತು. ಆ ಹೊತ್ತಿಗೆ ಅದರಷ್ಟು ಚಂದದ್ದು ನನಗೆ ಬೇರೆ ಇರಲಿಲ್ಲ. ಕೈಗವಸಿನ ರಬ್ಬರು ಪಟ್ಟಿಯೊಂದನ್ನು ಕತ್ತರಿಸಿ, ಉಳಿದದ್ದು ಸೋರಿಹೋಗಲಿ ಎಂದು ಗಾಯದಲ್ಲಿಟ್ಟು ಹೊಲಿದೆ.

ಅವಳು ಒಂದು ಸಲವೂ ಚೀರಲಿಲ್ಲ. ಮುಗಿದ ಮೇಲೆ ಆಳವಾಗಿ ಉಸಿರೆಳೆದುಕೊಂಡಳು, ಜೊಲ್ಲನ್ನು ತಾನೇ ನುಂಗಿದಳು. ನಾನು ಕೈ ತೊಳೆಯುತ್ತಿದ್ದಾಗ ಹಿಂದಿನಿಂದ ಹೇಳಿದಳು:

"ಕೀವು ತಗದ್ರಿ ಬಾಯಾರ. ಆ ಮಾತೂ ತಗೀರಿ."

ವಾರ್ಡಿಗೆ ಹೋದೆ. ಎಲ್ಲರಿಗೂ ಕೇಳುವ ಹಾಗೆ, ಕೀವಿನ ಹುಳಿಯಲ್ಲಿ ಔಷಧ ಯಾಕೆ ಸೋಲುತ್ತದೆ ಎಂದು ಹೇಳಿದೆ. ಅದೇ ಔಷಧ ಹುಳಿ ಇಲ್ಲದ ಕಡೆ ಕೊಟ್ಟಾಗ ಇವಳಿಗೆ ಚೆನ್ನಾಗಿ ಹತ್ತಿದೆ, ಬೇಕಾದರೆ ಸಿಸ್ಟರನ್ನು ಕೇಳಿ ಎಂದೆ. ಸಿಸ್ಟರ್ ತಲೆಯಾಡಿಸಿದರು. ಎದುರು ಮಂಚದ ಬಳಿಯ ಹೆಂಗಸು ಪೂರ್ತಿ ಕೇಳಿಸಿಕೊಂಡು, "ಹಂಗೇನ್ರೀ," ಎಂದು ಬಾಳೆಹಣ್ಣು ಸುಲಿಯತೊಡಗಿದಳು. ಈ ಸುದ್ದಿ ಹೇಳಲು ಅವಳು ಮೊಬೈಲು ಎತ್ತಲಿಲ್ಲ.

ಮಧ್ಯಾಹ್ನ ಆಂಬುಲೆನ್ಸ್ ಬಂದಾಗ ಬಾವು ಇಳಿಯತೊಡಗಿತ್ತು. ಧಾರವಾಡದ ಡಾಕ್ಟರೊಬ್ಬರಿಗೆ ಫೋನಿನಲ್ಲಿ ಎಲ್ಲ ಹೇಳಿದೆ, ಇನ್ನು ಕಳಿಸುವುದು ಬೇಡ, ನೀವೇ ಅಲ್ಲಿ ನೋಡಿಕೊಳ್ಳಿ ಎಂದರು. ದಿನ ಕಳೆದಂತೆ ಬಾಯಿ ಒಂದು ಬೆರಳು, ಎರಡು ಬೆರಳು ತೆರೆಯಿತು. ಆ ಟೊಳ್ಳು ಹಲ್ಲನ್ನು ಕಿತ್ತೆ. ರಬ್ಬರು ಪಟ್ಟಿ ತೆಗೆದೆ.

ಅವಳು ಮನೆಗೆ ಹೊರಡುವ ದಿನ ಶಾಲೆಯ ಹೆಡ್ ಮಾಸ್ತರರು ಬಂದರು. ಒಳ್ಳೆಯ ಮನುಷ್ಯ, ಎಲ್ಲರಿಗೂ ಹೆದರುವ ಮನುಷ್ಯ. ನನ್ನ ಕೋಣೆಯಲ್ಲಿ ಕುರ್ಚಿಯ ತುದಿಯಲ್ಲಿ ಕೂತರು.

"ಊರಾಗ ಒಂದ ನಮೂನಿ ಮಾತು ಎದ್ದೈತ್ರಿ ಮೇಡಂ. ಸಾಹೇಬ್ರ ಹೇಳ್ಯಾರ ಅಂತ. ಪಾಲಕರು ಅಡಗಿಗೆ ಬ್ಯಾರೇದಾರನ್ನ ಇಡ್ರಿ ಅನ್ನಾಕತ್ತಾರ."

ನಾನು ಮತ್ತೆ ಎಲ್ಲವನ್ನೂ ಹೇಳಿದೆ. ಹುಳಿ, ಸುಣ್ಣ, ನರ. ಅವರು ಗಮನವಿಟ್ಟು ಕೇಳಿ, ಕೊನೆಗೆ ಟೋಪಿ ತಿರುಗಿಸುತ್ತ, "ನೀವು ಹೇಳೂದು ಖರೇ ಇರಬೇಕ್ರಿ. ಆದ್ರ ನೀವು ಹಲ್ಲಿನ ಡಾಕ್ಟ್ರು. ಅವರು ದೊಡ್ಡ ಡಾಕ್ಟ್ರು. ಅವರ ಬಾಯಿಂದ ಒಂದ ಮಾತು ಬಂದ್ರ ಚಲೋ ಇತ್ತು," ಎಂದರು.

ಅವರ ಬಾಯಿಂದ. ಆ ಬಾಯಿಯೊಳಗೆ ಏನಿದೆ ಎಂದು ನನಗೆ ಗೊತ್ತಿತ್ತು. ಆದರೂ ಮಾಸ್ತರರನ್ನು ಕರೆದುಕೊಂಡು ದೊಡ್ಡ ಡಾಕ್ಟರ ಹತ್ತಿರ ಹೊರಟೆ.

ಅವಳು ಹೊರಗೆ ಪಡಸಾಲೆಯಲ್ಲೇ ಗಂಟು ಹಿಡಿದು ಅತ್ತೆಯ ಜೊತೆ ನಿಂತಿದ್ದಳು. ಮಾಸ್ತರರನ್ನು ನೋಡಿದಳು, ನನ್ನ ಮುಖ ನೋಡಿದಳು, ಯಾರೂ ಏನೂ ಹೇಳಬೇಕಾಗಲಿಲ್ಲ. ಅಷ್ಟರಲ್ಲಿ ದೊಡ್ಡ ಡಾಕ್ಟರು ರೌಂಡ್ಸ್ ಮುಗಿಸಿ ಅದೇ ದಾರಿಯಲ್ಲಿ ಬಂದರು. ಅವಳು ಗಂಟನ್ನು ಅತ್ತೆಯ ಕೈಗೆ ಕೊಟ್ಟು ಅವರ ಎದುರಿಗೆ ಹೋಗಿ ನಿಂತಳು. ದಾರಿ ಬಿಡಲಿಲ್ಲ.

"ನಮಸ್ಕಾರ್ರೀ ಸಾಹೇಬ್ರ," ಅಂದಳು. ಆಮೇಲೆ ಬಾಯಿ ತೆರೆದಳು. ಬೆರಳು ತೂರದಿದ್ದ ಬಾಯಿಯನ್ನು ಗಂಟಲು ಕಾಣುವಷ್ಟು ಅಗಲವಾಗಿ ತೆರೆದು, ಅವರ ಮುಖದ ಹತ್ತಿರ ತಂದು, ಹಾ ಎಂದು ಉಸಿರು ಬಿಟ್ಟಳು. ಅವರು ಮೂಗಿಗೆ ಕೈ ಹಿಡಿದು ಒಂದು ಹೆಜ್ಜೆ ಹಿಂದೆ ಸರಿದರು. ಅವಳು ಒಂದು ಹೆಜ್ಜೆ ಮುಂದೆ ಬಂದಳು.

"ಕೀವಿನ ವಾಸನಿ ಹೋಗೇತ್ರಿ. ಇನ್ನ ಯಾವ ವಾಸನಿ ಬರ್ತೈತಿ, ಹೇಳ್ರಿ."

ಪಡಸಾಲೆಯಲ್ಲಿ ಇದ್ದವರೆಲ್ಲ ತಿರುಗಿ ನೋಡುತ್ತಿದ್ದರು. ಡಾಕ್ಟರು ನನ್ನ ಕಡೆ ನೋಡಿದರು. ನಾನು ಗೋಡೆಗೆ ಒರಗಿ ನಿಂತೆ.

"ಏನೂ ಇಲ್ಲ," ಎಂದು ಗೊಣಗಿದರು.

"ಗಟ್ಟಿ ಹೇಳ್ರಿ ಸಾಹೇಬ್ರ," ಅಂದಳು ಅವಳು. "ಮಾಸ್ತರ್ರಿಗೆ ಕೇಳಸ್ಲಿಲ್ಲ."